ಸಂಪತ್ ಕುಮಾರರ ಕಾರಿನ ಕರಿ ಹಿಡಿ

ಸಂಪತ್ ಕುಮಾರರ ಕಾರಿನಲ್ಲಿ ಸ್ಟೀರಿಂಗಿನ ಪಕ್ಕಕ್ಕೆ ಒಂದು ಕರಿ ಹಿಡಿ ಇತ್ತು. ಅದನ್ನು ಎಳೆದು ತಿರುಗಿಸಿಬಿಟ್ಟರೆ ಆಕ್ಸಿಲರೇಟರಿನ ಮೇಲೆ ಕಾಲಿಡಬೇಕಾದ್ದೇ ಇಲ್ಲ. ಗಾಡಿ ಒಂದೇ ವೇಗದಲ್ಲಿ ತಾನೇ ಓಡುತ್ತಿತ್ತು. ತೊಂದರೆಯಿದ್ದದ್ದು ನಿಲ್ಲಿಸುವಾಗ. ಅದಕ್ಕೆ ಮನಸ್ಸು ಬಂದ ದಿನ ಹಿಡಿಯನ್ನು ಒಳಕ್ಕೆ ತಳ್ಳಿದರೆ ವೇಗ ಇಳಿಯುತ್ತಿತ್ತು. ಬಾರದ ದಿನ, ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಂತೆ, ಯಾರೇನು ಹೇಳಿದರೂ ಕೇಳುತ್ತಿರಲಿಲ್ಲ.

ಕಾರು ಬಹಳ ಹಳೆಯದು. ಯಾರೋ ಅದರ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದರು. ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಸಂಪತ್ ಕುಮಾರರು ಆಸೆಪಟ್ಟು ಕೊಂಡದ್ದೇನೋ ನಿಜ. ಆದರೆ ಅದರ ಹೊಗೆಗೆ ಒಣಹಾಕಿದ ಮಡಿಬಟ್ಟೆಯೆಲ್ಲ ಕಪ್ಪಾಗಿ, ಅವರ ಹೆಂಡತಿ, "ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು" ಎಂದುಬಿಟ್ಟಿದ್ದರು. ಅಷ್ಟರಲ್ಲಿ ದೇವರೇ ಕಳಿಸಿದಂತೆ ಬೆಳಕವಾಡಿಯ ದೊಡ್ಡ ರೈತ ಚಲುವರಾಜು, ಭಾನುವಾರ ಗಾಡಿ ತಂದರೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿಕಳಿಸಿದ್ದ.

ಭಾನುವಾರ ಬೆಳಗ್ಗೆ ಸಂಪತ್ ಕುಮಾರರು ಒಬ್ಬರೇ ಸದ್ದಿಲ್ಲದೆ ಹೊರಡಬೇಕೆಂದಿದ್ದರು. ಆದರೆ ಆ ಕಾರು ಸದ್ದಿಲ್ಲದೆ ಹೊರಡುವ ಜಾತಿಯದಲ್ಲ. ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಅನಂತರಾಮು ಮುಂದಿನ ಸೀಟಿಗೆ ಬಂದು ಕುಳಿತರು. ಎದುರು ಮನೆಯ ಕೆಂಪಯ್ಯ, ನಿವೃತ್ತ ಬಸ್ ಡ್ರೈವರ್, ಹಿಂದೆ ಹತ್ತಿದ. ಬೆಳಕವಾಡಿ ಸೇರುವುದರೊಳಗೆ ಆ ಹಿಡಿಯ ರೋಗ ಕಂಡುಹಿಡಿದೇ ತೀರುವುದಾಗಿ ಇಬ್ಬರೂ ಮಾತು ಕೊಟ್ಟರು.

ಊರು ದಾಟಿದ ಕೂಡಲೇ ಅನಂತರಾಮು ಹಿಡಿ ಎಳೆಯಲು ಹೇಳಿದರು. ಸಂಪತ್ ಕುಮಾರರು ಬೇಡವೆಂದರು.

"ರೀ, ರೋಗ ಏನೂಂತ ಗೊತ್ತಾಗ್ಬೇಕಾದ್ರೆ ಮೊದ್ಲು ರೋಗ ಬರ್ಬೇಕಲ್ರೀ" ಎಂದು ಮೇಷ್ಟ್ರು ತಾವೇ ಎಳೆದು ತಿರುಗಿಸಿದರು.

ರೋಗ ಬಂತು. ಕಾರು ಬಿಚ್ಚಿದ ಹೋರಿಯಂತೆ ಓಡತೊಡಗಿತು. ಸಂಪತ್ ಕುಮಾರರು ಹಿಡಿ ತಳ್ಳಿದರು. ಅದು ಒಳಗೆ ಹೋಯಿತೇ ಹೊರತು ವೇಗ ಇಳಿಯಲಿಲ್ಲ. ಕ್ಲಚ್ ಒತ್ತಿದರೆ ಇಂಜಿನ್ ಸಿಡಿದೇಹೋಗುವಂತೆ ಕಿರುಚಿತು. ಹೆದರಿ ಕಾಲು ತೆಗೆದರು. ಬ್ರೇಕ್ ಒತ್ತಿದರೆ ಸುಟ್ಟ ವಾಸನೆ ಬಂತು. ಕೀಲಿ ತಿರುಗಿಸಿದರೂ ಡೀಸೆಲ್ ಇಂಜಿನ್ ಕ್ಯಾರೇ ಅನ್ನಲಿಲ್ಲ. ಅದನ್ನು ನಿಲ್ಲಿಸುವುದಕ್ಕೆ ಬೇರೊಂದು ತಂತಿ ಇತ್ತು. ಅನಂತರಾಮು ಅದನ್ನು ಜೋರಾಗಿ ಎಳೆದರು. ತಂತಿ ಬುಡಸಮೇತ ಅವರ ಕೈಗೇ ಬಂತು.

ಹಿಡಿಯ ಸ್ಪ್ರಿಂಗು ಸೋತಿದೆ ಎಂದು ಮೇಷ್ಟ್ರು ಹೇಳಿದರು. ಸ್ಪ್ರಿಂಗಲ್ಲ, ಒಳಗೆ ಅದರ ತಂತಿ ಸೊಟ್ಟಗಾಗಿದೆ ಎಂದ ಕೆಂಪಯ್ಯ. ಇಬ್ಬರೂ ವಾದಕ್ಕೆ ಬಿದ್ದಾಗಲೇ ಮದ್ದೂರು ಬಂತು. ಅಲ್ಲಿ ಮಳವಳ್ಳಿ ರಸ್ತೆಗೆ ಬಲಕ್ಕೆ ತಿರುಗಬೇಕು. ತಿರುವಿನ ತುಂಬ ಕಬ್ಬಿನ ಗಾಡಿಗಳು. ಸಂಪತ್ ಕುಮಾರರು ಒಂದೇ ಸಮ ಹಾರನ್ ಒತ್ತುತ್ತ ಬೆಂಗಳೂರಿನ ಕಡೆಗೆ ನೇರಕ್ಕೆ ನುಗ್ಗಿದರು. ಬೆಳಗಿನಿಂದ ವಡೆಯ ಧ್ಯಾನದಲ್ಲಿದ್ದ ಕೆಂಪಯ್ಯ, ಹೋಟೆಲು ಹಿಂದೆ ಓಡಿಹೋದದ್ದನ್ನು ಕತ್ತು ತಿರುಗಿಸಿ ನೋಡಿದ.

ನಿಡಘಟ್ಟದ ಹತ್ತಿರ ಸಂಪತ್ ಕುಮಾರರಿಗೆ ಬೆಂಗಳೂರೇ ಕಣ್ಣಮುಂದೆ ಬಂತು. ಅಲ್ಲಿಯ ಜನಜಂಗುಳಿಯಲ್ಲಿ ಈ ಗಾಡಿ! ಆಗ ರಸ್ತೆಯ ಪಕ್ಕದಲ್ಲೊಂದು ದೊಡ್ಡ ಹುಲ್ಲಿನ ಮೆದೆ ಕಂಡಿತು.

"ಸ್ವಾಮಿ, ಅದ್ಕೆ ಬುಡಿ ಗಾಡಿಯ. ಬ್ಯಾರೆ ದಾರಿ ಇಲ್ಲ" ಎಂದ ಕೆಂಪಯ್ಯ.

ಸಂಪತ್ ಕುಮಾರರು ಕಣ್ಣು ಮುಚ್ಚಿ ಬಿಟ್ಟರು. ಕಾರು ಮೂತಿಯನ್ನು ಹುಲ್ಲಿನೊಳಗೆ ತೂರಿ, ಎರಡು ಸಲ ಗುಟುರು ಹಾಕಿ, ಉಸಿರು ನಿಲ್ಲಿಸಿತು. ಮೂವರೂ ಇದ್ದಾರೆ ಎಂಬುದು ಖಚಿತವಾದ ಮೇಲೆ ಇಳಿದರು. ಮೆದೆಯ ಒಡತಿ ಅಂಕಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅಷ್ಟ್ ದೊಡ್ ರಸ್ತೆ ಸಾಲ್ದೆ ಓಯ್ತಾ ನಿಮ್ಗೆ? ಬಿದ್ದಿರ ಉಲ್ಲೆಲ್ಲ ಒಟ್ಬುಟ್ಟು ಓಗಿ."

ಮೂವರೂ ಹುಲ್ಲು ಒಟ್ಟಿದರು. ಮೈ ತುರಿಕೆ, ವಡೆ ತಪ್ಪಿದ ಸಂಕಟ ಎಲ್ಲ ಸೇರಿ ಕೆಂಪಯ್ಯನ ಸಿಟ್ಟು ನೆತ್ತಿಗೇರಿತು. ಸ್ಪ್ರಿಂಗೋ ತಂತಿಯೋ ಎಂದು ಮೇಷ್ಟ್ರು ಮತ್ತೆ ಶುರುಮಾಡುವಷ್ಟರಲ್ಲಿ ಅವನು ಬಾನೆಟ್ ಎತ್ತಿ, ಹಿಡಿ, ತಂತಿ, ಅದನ್ನು ಕಚ್ಚಿ ಹಿಡಿಯುವ ಹಲ್ಲು, ಸ್ಪ್ರಿಂಗು ಎಲ್ಲವನ್ನೂ ಕಿತ್ತು ಎದುರಿನ ನೀರು ನಿಂತ ಗದ್ದೆಗೆ ಬೀಸಿ ಎಸೆದ.

ಏನಾಶ್ಚರ್ಯ! ಕಾರು ಹಸುವಿನಂತಾಯಿತು. ಒತ್ತಿದರೆ ಓಡಿತು, ಕಾಲೆತ್ತಿದರೆ ನಿಧಾನವಾಯಿತು. ಮದ್ದೂರಿಗೆ ಹಿಂದಿರುಗಿ, ವಡೆ ತಿಂದು, ಮಳವಳ್ಳಿ ಮೇಲೆ ಬೆಳಕವಾಡಿ ಮುಟ್ಟುವವರೆಗೂ ಸಂಪತ್ ಕುಮಾರರು ಮದುಮಗನಂತೆ ನಗುತ್ತಲೇ ಇದ್ದರು.

ಚಲುವರಾಜು ಕಾರನ್ನು ಒಂದು ಸುತ್ತು ನೋಡಿದ. ಚಕ್ರ ನೋಡಲಿಲ್ಲ, ಸೀಟು ನೋಡಲಿಲ್ಲ. ಇಂಜಿನ್ನಿನ ವೇಗ ಏರಿಸಿ ಕಾಲು ತೆಗೆಯಲು ಹೇಳಿದ. ಸಂಪತ್ ಕುಮಾರರು ಹೆಮ್ಮೆಯಿಂದ ತೆಗೆದರು. ಇಂಜಿನ್ ಮೆಲ್ಲಗೆ ತಣ್ಣಗಾಯಿತು. ಮೊದಲು ಹಾಗೆ ಆಗುತ್ತಿರಲಿಲ್ಲವಲ್ಲ ಎಂದು ಅವನು ಕೇಳಿದಾಗ, ಆ ಕಾಟವನ್ನು ಬೇರುಸಹಿತ ಕಿತ್ತು ಬಿಸಾಡಿದ್ದಾಗಿ ಹೇಳಿದರು.

ಚಲುವರಾಜು ತಲೆಗೆ ಕೈಯಿಟ್ಟುಕೊಂಡ.

"ನಿಮ್ ಕಾರ ಕಟ್ಕಂಡ್ ನಾನೇನ್ ಮಾಡ್ಲಿ ಸ್ವಾಮಿ? ನಮ್ ಆಲೆಮನೆ ಗಾಣ ತಿರುಗ್ಸಕೆ ಇಂಜಿನ್ ಬೇಕಾಗಿತ್ತು. ಅವತ್ತು ಮಂಡ್ಯದಲ್ಲಿ ನೀವು ಇಳ್ದು ಓಟ್ಲೊಳಿಕೆ ಓಗಿದ್ರಿ, ಇದು ಯಾರೂ ತುಳೀದಂಗೆ ಒಂದೇ ಸಮ ಕೂಗ್ತಾ ನಿಂತಿತ್ತು. ಅದ್ನ ನೋಡೇ ನಾನು ಮನಸ್ ಮಾಡಿದ್ದು."

ಕಿತ್ತದ್ದನ್ನು ಇದ್ದ ಹಾಗೆಯೇ ಕೂರಿಸಿಕೊಂಡು ಬಂದರೆ ಈಗಲೂ ತೆಗೆದುಕೊಳ್ಳುತ್ತೇನೆ, ಆದರೆ ನಾಳೆ ಬೆಳಗ್ಗೆ ಕಬ್ಬು ಅರೆಯಬೇಕು, ಅಷ್ಟರೊಳಗೆ ತರಬೇಕು ಎಂದ.

ಹೊತ್ತು ಇಳಿಯುವಾಗ ನಿಡಘಟ್ಟದ ಗದ್ದೆಯಲ್ಲಿ ಮೂವರು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ಕೆಸರಿನಲ್ಲಿ ಕೈಯಾಡಿಸುತ್ತಿದ್ದರು. ಅಂಕಮ್ಮ ಬದುವಿನ ಮೇಲೆ ಬಂದು ನಿಂತು, ಏನು ಕಳೆದುಕೊಂಡಿರೆಂದು ಕೇಳಿದಳು. ಕಾರಿನ ಸಾಮಾನು ಎಂದರು ಸಂಪತ್ ಕುಮಾರರು.

"ಚೆನ್ನಾಗಿತ್ತಾ?"

"ಇಲ್ಲಮ್ಮ. ಕೆಟ್ಟೋಗಿತ್ತು."

ಅಂಕಮ್ಮ ಮೂವರನ್ನೂ ಒಂದು ಸಲ ಕನಿಕರದಿಂದ ನೋಡಿ, ಹೋಗಿ ಮೆದೆಗೆ ಅಡ್ಡಲಾಗಿ ಕುಳಿತಳು.