ಅತ್ತರದವನ ಹಳದಿ

ಒಂದಾನೊಂದು ಕಾಲದಲ್ಲಿ ಒಬ್ಬ ರಾಜನಿಗೆ ತುರಿಕಜ್ಜಿ ಹತ್ತಿತಂತೆ. ಎರಡೂ ಕೈಯಿಂದ ಕೆರೆದುಕೊಳ್ಳುವ ಭರದಲ್ಲಿ ಕತ್ತಿ ಹಿಡಿಯಲು ಕೈ ಬಿಡುವಾಗದೆ ರಾಜ್ಯವೇ ಹೋಯಿತಂತೆ. ಇಂಡಿ ಪಟ್ಟಣದಲ್ಲಿ ಅತ್ತರ ಮಾರುವ ನಬಿಲಾಲನಿಗೆ ಕಳೆದುಕೊಳ್ಳಲು ರಾಜ್ಯವಿರಲಿಲ್ಲ. ಇದ್ದವಳು ಹೆಂಡತಿ ಅಬಿದಾ. ಅವಳೂ ಹೊರ್ತಿಯ ತವರಿಗೆ ನಡೆದುಬಿಟ್ಟಿದ್ದಳು.

“ಒಂದಿನಾ ಔಷಧಾ ಹಚ್ಚತೀರಿ. ಕಡಿತ ಕಡಿಮಿ ಆತಂದ್ರ ಡಬ್ಬಿ ಗ್ವಾಡಿ ಮಾಡದಾಗ ಇಟ್ಟು ಮರೀತೀರಿ. ಪೂರಾ ಮುಗಿಸಿ ಜಳಕಾ ಮಾಡಿದ ದಿನಾ ಹೇಳಿ ಕಳಸ್ರಿ, ಬರ್ತೇನಿ,” ಎಂದು ಹೋಗಿದ್ದಳು. ನಬಿಲಾಲ ಮಾತು ಕೊಟ್ಟಿದ್ದ.

ಜಯತೀರ್ಥ ಡಾಕ್ಟರರು ಹೊಸ ಡಬ್ಬಿ ಕೊಡುವಾಗ ಕನ್ನಡಕ ಮೂಗಿನ ತುದಿಗೆ ಇಳಿಸಿದರು. “ಇದೇನು ಹುಗ್ಗಿ ಅಲ್ಲೋ, ರುಚಿ ನೋಡಿ ಬಿಡ್ಲಿಕ್ಕೆ. ಗಂಧಕದ ಮುಲಾಮು. ಕುತ್ತಿಗಿಯಿಂದ ಅಂಗಾಲತನಕಾ ಮೂರು ದಿನಾ ಹಚ್ಚು. ಮೂರನೇ ದಿನದ ಸಂಜಿತನಕಾ ಮೈಗೆ ಹನಿ ನೀರು ಸೋಕಬಾರದು. ಮತ್ತ ಮನಿಮಂದಿ ಎಲ್ಲಾರೂ ಕೂಡೇ ಹಚ್ಚಿಕೋಬೇಕು.”

“ಮನ್ಯಾಗ ಈಗ ನಾ ಒಬ್ಬಾವನ ಅದೀನ್ರಿ ಸಾಹೇಬ್ರ.”

ಗಂಧ ಮಾರುವವನಿಗೆ ಗಂಧಕ ಒಲಿದಿತ್ತು. ಯಾರಿಗೂ ಹೇಳುವಂತಿಲ್ಲ, ಕಜ್ಜಿಯವನಿಂದ ಅತ್ತರ ಹಚ್ಚಿಸಿಕೊಳ್ಳಲು ಯಾರು ಕೈ ಚಾಚುತ್ತಾರೆ? ಮೂರನೆಯ ದಿನವೂ ಬಾಗಿಲು ಹಾಕಿಕೊಂಡು, ಉಪ್ಪಿನಕಾಯಿ ಭರಣಿಯೊಳಗಿನ ಲಿಂಬೆಹಣ್ಣಿನ ಹಾಗೆ ಹಳದಿಯಾಗಿ ಕೂತಿದ್ದ. ಸಂಜೆಯ ಜಳಕಕ್ಕೆಂದು ಬೆಳಿಗ್ಗೆಯೇ ಹಿತ್ತಲಿನ ಹಂಡೆ ತುಂಬಲು ಹೋದದ್ದೇ ತಪ್ಪಾಯಿತು. ಪಕ್ಕದ ಮನೆಯ ರಾಜಬಿ ಗೋಡೆಯ ಮೇಲೆ ಮುಖ ಇಟ್ಟಳು.

“ಯಾ ಅಲ್ಲಾ! ನಬಿಲಾಲ, ಏನೋ ಇದು ಮೈತುಂಬಾ ಹಳದಿ?”

“ಏನಿಲ್ಲ ಖಾಲಾ. ಯಾರ ಮುಂದನೂ ಹೇಳಬ್ಯಾಡ್ರಿ.”

“ನಾ ಯಾಕ ಹೇಳಲಪಾ. ಹುಡುಗಿ ಯಾವೂರಾಕಿ?”

ಇದು ಮದುವೆಯ ಅರಿಷಿಣವಲ್ಲ ಎನ್ನಲು ನಬಿಲಾಲ ಬಾಯಿ ತೆರೆದ. ಕಜ್ಜಿ ಎಂದರೆ ವ್ಯಾಪಾರ ಹೋಯಿತು. ಬಾಯಿ ಮುಚ್ಚಿದ.

ರಾಜಬಿ ಮಾತು ತಪ್ಪುವ ಹೆಂಗಸಲ್ಲ. ಯಾರಿಗೂ ಹೇಳಲಿಲ್ಲ, ಹೊರ್ತಿ ಬಸ್ಸು ಹತ್ತುತ್ತಿದ್ದ ಮುರ್ತುಜಾಸಾಬನೊಬ್ಬನನ್ನು ಬಿಟ್ಟು.

ಹೊತ್ತು ಇಳಿಯುವ ಮೊದಲೇ ಮರಳಿ ಬಂದ ಬಸ್ಸಿನಿಂದ ಅಬಿದಾ ಇಳಿದಳು. ಹಿಂದೆ ಅವಳ ಇಬ್ಬರು ಅಣ್ಣಂದಿರು, ಕೈಯಲ್ಲಿ ಆಳೆತ್ತರದ ಬಡಿಗೆ.

“ನಾ ಇನ್ನೂ ಜೀವಂತ ಅದೀನಿ, ನಿಮಗ ಎರಡನೇ ಹಳದಿ ಬೇಕಾತೇನ್ರಿ? ಮದಲ ತೊಳೀರಿ ಅದನ್ನ!” ಹಿತ್ತಲಿಗೆ ನುಗ್ಗಿದ ಅಬಿದಾ ನೀರಿನ ತಂಬಿಗೆ ಎತ್ತಿದಳು.

ನಬಿಲಾಲ ಹಿಡಿಯಲು ಬಂದವರನ್ನು ಕಂಡ ಕೋಳಿಯಂತೆ ಹಂಡೆಯ ಸುತ್ತ ಓಡಿದ. “ನೀರು ಹಾಕಬ್ಯಾಡ! ಮಸೂತ್ಯಾಗ ಸಂಜಿ ಬಾಂಗ್ ಆಗಲಿ, ನಾನ ಸುರಕೋತೇನಿ!”

“ಸಂಜಿಗೆ ನಿಕಾ ಐತೇನು?” ದೊಡ್ಡಣ್ಣ ಚಾಂದಸಾಬ ಬಡಿಗೆ ನೆಲಕ್ಕೆ ಕುಟ್ಟಿದ. “ತೊಳಕೋತೀಯೋ, ತಲಿ ಒಡೀಲ್ಯೋ?”

“ತಲಿ ಬೇಕಾದ್ರ ಒಡೀರಿ! ನೀರು ಮಾತ್ರ ಬ್ಯಾಡ್ರಿ! ನಿಮ್ಮ ತಂಗಿಗೇ ಮಾತು ಕೊಟ್ಟೇನಿ!”

ಜನ್ಮದಲ್ಲಿ ಒಂದು ಡಬ್ಬಿ ಮುಗಿಸದವನ ಬಾಯಲ್ಲಿ ಈ ಮಾತು ಕೇಳಿ ಅಬಿದಾಳ ತಂಬಿಗೆ ಗಾಳಿಯಲ್ಲೇ ನಿಂತಿತು. ಅವಳು ಹತ್ತಿರ ಬಂದು ಮೂಸಿದಳು.

“ಅಯ್ಯ, ಇದು ಅರಿಷಿಣ ಅಲ್ಲ! ಗಂಧಕ ನಾರಾಕತ್ತೈತಿ!”

ನಬಿಲಾಲ ಪದಕ ಗೆದ್ದವನಂತೆ ಡಬ್ಬಿ ಎತ್ತಿ ತೋರಿಸಿದ. ತಳ ಹೊಳೆಯುತ್ತಿತ್ತು. ಅಬಿದಾಳ ಕಣ್ಣು ತುಂಬಿತು.

ಬಾಂಗ್ ಕೇಳಿದ್ದೇ ನಬಿಲಾಲ ಬಿಸಿನೀರು ಸುರಿದುಕೊಂಡ. ಒಗೆದ ಅಂಗಿ ತೊಟ್ಟು, ಕಿವಿಯಲ್ಲಿ ಅತ್ತರದ ಅರಳೆ ಸಿಕ್ಕಿಸಿ, ಮದುಮಗನ ಹಾಗೆ ಹೊರಬಂದ. ಎಲ್ಲಿಯೂ ಕಡಿತವಿಲ್ಲ. ಕೊಟ್ಟ ಮಾತು ಕೊನೆಗೂ ಪೂರೈಸಿತ್ತು.

ಎದುರಿಗೆ ಚಾಂದಸಾಬ ಬಡಿಗೆ ಎತ್ತಿ ನಿಂತಿದ್ದ! ನಬಿಲಾಲ ಕಣ್ಣು ಮುಚ್ಚಿದ. ಪೆಟ್ಟು ಬೀಳಲಿಲ್ಲ. ಕರ್ ಕರ್ ಎಂದು ಸದ್ದಾಯಿತು. ಒಂದು ಕಣ್ಣು ತೆರೆದ. ಚಾಂದಸಾಬ ಬಡಿಗೆಯ ತುದಿಯಿಂದ ತನ್ನ ಬೆನ್ನು ಕೆರೆದುಕೊಳ್ಳುತ್ತಿದ್ದ. ಸಣ್ಣಣ್ಣ ಎಮ್ಮೆಯ ಹಾಗೆ ಬಾಗಿಲಿನ ಚೌಕಟ್ಟಿಗೆ ಮೈ ತಿಕ್ಕುತ್ತಿದ್ದ.

“ನಾ ಹೋದಾಗಿಂದ ಅವರಿಗೂ ಸುರು ಆಗೇತ್ರಿ,” ಎಂದು ಅಬಿದಾ ನಾಚಿ ಬೆರಳ ಸಂದು ಕೆರೆದಳು. “ಇನ್ನ ಗುಣಾ ಆಗೂತನಕಾ ಎಲ್ಲಾರೂ ಇಲ್ಲೇ ಇರ್ತೇವಿ.”

ಮನಿಮಂದಿ ಎಲ್ಲಾರೂ ಕೂಡೇ! ಡಾಕ್ಟರರ ಮಾತು ನೆನಪಾದದ್ದೇ ನಬಿಲಾಲನ ಮಂಡಿಯ ಹಿಂದೆ ಏನೋ ಚುರುಗುಟ್ಟಿತು.

ಮರುದಿನ ರಾಜಬಿ ಗೋಡೆಯಿಂದ ಇಣುಕಿದಾಗ ಹಿತ್ತಲಲ್ಲಿ ನಾಲ್ವರು ಸಾಲಾಗಿ ಹಳದಿಯಾಗಿ ಕೂತಿದ್ದರು.

“ನೋಡ್ರವ್ವಾ! ಬೀಗರಿಗೆಲ್ಲಾ ಹಳದಿ ಹಚ್ಚ್ಯಾರ, ಬಾಜೂ ಮನಿಯಾಕೀನ ಮಾತ್ರ ಕರೀಲಿಲ್ಲ!”