ಒಂದು ಚಿಲಕದ ಕಡತ

ಜವಾಬ್ದಾರಿ ಹೆಚ್ಚಿದಂತೆ ಕೆಲಸವೂ ಹೆಚ್ಚುತ್ತದೆ ಎಂದು ನಂಬಿದವರಿದ್ದಾರೆ. ನನಗೆ ಹೆಚ್ಚಿದ್ದು ಸಹಿ ಮಾತ್ರ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಕಾಲೇಜೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ಸಂಧಿ ಸಮಾಸ ಹೇಳಿಕೊಂಡು ಸುಖವಾಗಿದ್ದವನನ್ನು ಪ್ರಿನ್ಸಿಪಾಲರು ಒಂದು ದಿನ ಕರೆದು, ಗುಣಮಟ್ಟ ಭರವಸೆ ಕೋಶಕ್ಕೆ ಸಂಯೋಜಕರಾಗಿ ಎಂದರು. ನಾನೇ ಯಾಕೆ ಎಂದದ್ದಕ್ಕೆ, ನಿಮ್ಮ ಅಕ್ಷರ ದುಂಡಗಿದೆ ಎಂದರು. ಹೊಗಳಿಕೆಗೆ ನಾನು ಮೊದಲಿನಿಂದಲೂ ಬೇಗ ಬೀಳುವವನು. ನನ್ನ ಮದುವೆಯೂ ಹಾಗೇ ಆಗಿದ್ದು.

ಹಿಂದೆ ನಮ್ಮ ಕಾಲೇಜನ್ನು ನಡೆಸುತ್ತಿದ್ದದ್ದು ಹಳೆಯ ಪ್ರಿನ್ಸಿಪಾಲರ ಗಂಟಲು. ವರಾಂಡದಲ್ಲಿ ನಿಂತು ಒಮ್ಮೆ ಕೂಗಿದರೆ ಬಡಗಿ ಬರುತ್ತಿದ್ದ, ಮುರಿದ ಬೆಂಚು ನೆಟ್ಟಗಾಗುತ್ತಿತ್ತು. ಈಗ ಅದಕ್ಕೆ ಸರ್ವಾಧಿಕಾರ ಎನ್ನುತ್ತಾರೆ. ಎಲ್ಲರೂ ಸೇರಿ ಆಡಳಿತ ನಡೆಸಬೇಕೆಂದು ಸಮಿತಿಗಳಾದವು. ಆದರೆ ನಮ್ಮಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು. ಅವರು ಸಹಿ ಹಾಕುವಂತಿಲ್ಲ. ಹಾಗಾಗಿ ಕುಂದುಕೊರತೆ, ಕಟ್ಟಡ, ಖರೀದಿ ಈ ಮೂರು ಸಮಿತಿಗಳಿಗೂ ನಾನೇ ಕಾರ್ಯದರ್ಶಿಯಾದೆ.

ವಿದ್ಯಾರ್ಥಿಗಳ ಅಭಿಪ್ರಾಯ ನಮೂನೆಯಲ್ಲಿ ಮೊದಲ ವರ್ಷವೇ ಒಂದು ದೂರು ಬಂತು: ಹುಡುಗಿಯರ ಶೌಚಾಲಯಕ್ಕೆ ಚಿಲಕವಿಲ್ಲ. ಕುಂದುಕೊರತೆಯ ನಾನು ಕಟ್ಟಡದ ನನಗೆ ಪತ್ರ ಬರೆದೆ. ಕಟ್ಟಡದ ನಾನು ಖರೀದಿಯ ನನಗೆ ಶಿಫಾರಸು ಮಾಡಿದೆ. ಖರೀದಿಯ ನಾನು ಸ್ವಲ್ಪ ಬಿಗಿ ಮನುಷ್ಯ. ಚಿಲಕದ ಅಳತೆ ನಮೂದಿಸಿಲ್ಲವೆಂದು ಕಡತ ವಾಪಸು ಕಳಿಸಿದೆ. ಇಷ್ಟು ಓಡಾಟವಾದ ಮೇಲೆ ವರ್ಷದ ಕೊನೆಗೆ ‘ಕ್ರಮ ಕೈಗೊಳ್ಳಲಾಗಿದೆ, ಚಿಲಕ ಅಳವಡಿಸಲಾಗಿದೆ’ ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದೆ. ಯಾರಾದರೂ ಕಡತ ನೋಡಲು ಬರುವಷ್ಟರಲ್ಲಿ ಹೇಗೂ ಹಾಕಿಸಿರುತ್ತೇನೆ ಎಂಬ ನಂಬಿಕೆ. ಮರುವರ್ಷವೂ ಅದೇ ದೂರು, ಅದೇ ಉತ್ತರ. ನಾಲ್ಕು ವರ್ಷದಲ್ಲಿ ಕಡತ ಇಟ್ಟಿಗೆಯಷ್ಟು ದಪ್ಪವಾಯಿತು. ಆ ಬಾಗಿಲನ್ನು ಮಾತ್ರ ನಾನು ಹೋಗಿ ನೋಡಿರಲಿಲ್ಲ.

ಕಾಲೇಜಿಗೆ ದರ್ಜೆ ಕೊಡುವ ಮೌಲ್ಯಮಾಪನದ ತಂಡ ಬರಲು ವಾರವಿತ್ತು. ಪಾಠದ ನಡುವೆ ಭಾರತೀನಗರದಿಂದ ಬರುವ ಕಾವ್ಯ ಎಂಬ ಹುಡುಗಿ ಹೊರಗೆ ಹೋಗಬೇಕೆಂದು ಎದ್ದಳು, ಪಕ್ಕದವಳೂ ಎದ್ದಳು. ನನಗೆ ರೇಗಿತು. ಒಬ್ಬಳು ಹೋಗುವುದಕ್ಕೆ ಇಬ್ಬರು ಯಾಕೆ, ಇದೇನು ಮೆರವಣಿಗೆಯೇ ಎಂದೆ. ಹುಡುಗರು ನಕ್ಕರು, ಇಬ್ಬರೂ ತಲೆ ತಗ್ಗಿಸಿ ಕೂತರು. ವರಾಂಡ ಗುಡಿಸುತ್ತಿದ್ದ ಜಯಮ್ಮ ಪಾಠ ಮುಗಿಯುವವರೆಗೆ ಕಾದು ನನ್ನನ್ನು ಹಿಡಿದಳು.

“ಒಬ್ಳು ಒಳಕ್ಕೋದ್ರೆ ಇನ್ನೊಬ್ಳು ಬಾಗ್ಲು ಇಡ್ಕಂಡು ನಿಂತ್ಕಬೇಕು ಕಣ್ ಸಾ. ಜೊತೆ ಸಿಗ್ನಿಲ್ಲ ಅಂದ್ರೆ ಈ ಮಕ್ಳು ಬೆಳಗ್ಗಿಂದ ನೀರೇ ಕುಡಿಯಾಕಿಲ್ಲ. ನಿಮ್ಗೆ ಗೊತ್ತಿಲ್ವಾ?”

ಗೊತ್ತಿತ್ತು. ನಾಲ್ಕು ವರ್ಷದಿಂದ ಲಿಖಿತವಾಗಿ ಗೊತ್ತಿತ್ತು. ನನ್ನ ಮಗಳೂ ಮಂಡ್ಯದಲ್ಲಿ ಓದುತ್ತಾಳೆ. ಸಂಜೆ ಬಂದವಳೇ ಒಂದು ಚೊಂಬು ನೀರು ಗಟಗಟ ಕುಡಿಯುತ್ತಾಳೆ. ಬಿಸಿಲಿನ ಬಾಯಾರಿಕೆ ಎಂದುಕೊಂಡಿದ್ದೆ. ಅವತ್ತು ನನಗೆ ನಿಜಕ್ಕೂ ನಾಚಿಕೆಯಾಯಿತು. ಮೂರು ಸಮಿತಿಗೂ ಹೇಳದೆ ಮದ್ದೂರಿಗೆ ಹೋಗಿ, ಬಡಗಿ ಇಮ್ತಿಯಾಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದೆ. ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು.

ತಂಡ ಬಂತು. ಅಧ್ಯಕ್ಷೆ ಹೊರರಾಜ್ಯದ ಹಿರಿಯ ಪ್ರಾಧ್ಯಾಪಕಿ, ಕನ್ನಡ ಬಾರದು. ನನ್ನ ಇಂಗ್ಲಿಷ್ ಕಡತವನ್ನು ಪುಟ ಬಿಡದೆ ಓದಿ, ಇಷ್ಟು ಅಚ್ಚುಕಟ್ಟಾದ ದಾಖಲೆ ಎಲ್ಲೂ ನೋಡಿಲ್ಲ ಎಂದರು. ನಾನು ಉಬ್ಬಿದೆ. ವಿದ್ಯಾರ್ಥಿಗಳ ಜೊತೆಗಿನ ಮಾತುಕತೆಯಲ್ಲಿ ಮೇಷ್ಟ್ರುಗಳು ಇರುವಂತಿಲ್ಲ. ಆದರೂ ಅನುವಾದಕ್ಕೆ ಒಬ್ಬರು ಬೇಕೆಂದು ನನ್ನನ್ನು ಉಳಿಸಿಕೊಂಡರು. ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ ಕಾವ್ಯ ಎದ್ದು ನಿಂತಳು.

“ಚಿಲ್ಕ ಇರ್ನಿಲ್ಲ ಮೇಡಂ. ನೀವು ಬತ್ತೀರಿ ಅಂತ ಓದ್ವಾರ ಹಾಕವ್ರೆ. ವರ್ಸಕ್ಕೊಂದ್ಸಲ ಬಂದೋಗಿ.”

ಅಧ್ಯಕ್ಷೆ ನನ್ನ ಮುಖ ನೋಡಿದರು. ಕಾಲೇಜಿನ ಸೌಲಭ್ಯ ಇವಳಿಗೆ ತುಂಬ ತೃಪ್ತಿ ತಂದಿದೆ ಎನ್ನುವ ವಾಕ್ಯ ನಾಲಿಗೆ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವಳು ಹೇಳಿದ್ದನ್ನು ಹೇಳಿದಂತೆಯೇ ಹೇಳಿಬಿಟ್ಟೆ. ಅಧ್ಯಕ್ಷೆ ಕಡತವನ್ನು ಮತ್ತೆ ತೆರೆದು, ನಾಲ್ಕು ಸಲ ಅಳವಡಿಸಿದ ಚಿಲಕದ ಮೇಲೆ ಬೆರಳಿಟ್ಟು, ನೀವು ಕಥೆ ಬರೆಯುವುದುಂಟೇ ಎಂದು ಮೆಲ್ಲಗೆ ಕೇಳಿದರು.

ಇಪ್ಪತ್ತು ವರ್ಷದಿಂದ ವಾರಪತ್ರಿಕೆಗಳಿಗೆ ಕಥೆ ಕಳಿಸುತ್ತಿದ್ದೇನೆ, ಒಂದೂ ಅಚ್ಚಾಗಿಲ್ಲ. ನನ್ನನ್ನು ಪೂರ್ತಿ ಓದಿ ಕಥೆಗಾರನೆಂದು ಗುರುತಿಸಿದವರು ಅವರೊಬ್ಬರೇ.