ಕೆಂಪಾಜಮ್ಮನ ತಕರಾರು

ತಂಜೀಲಾ ಮಾಡಿದ ತಪ್ಪು ಇಷ್ಟೇ: ಪುಸ್ತಕಕ್ಕೆ ಖಾಕಿ ಕಾಗದದ ಹೊದಿಕೆ ಹಾಕಿದ್ದು.

ಹಾಕದೆ ವಿಧಿಯಿರಲಿಲ್ಲ. ಒಳಗಿನ ರಟ್ಟಿನ ಮೇಲೆ ಗುಲಾಬಿ ಬಣ್ಣದ ದಪ್ಪ ಅಕ್ಷರಗಳಲ್ಲಿ ‘ಕಾದಂಬರಿಗೆ ಮೂವತ್ತು ಮೆಟ್ಟಿಲು’ ಎಂದು ಅಚ್ಚಾಗಿತ್ತು. ದಿನಕ್ಕೊಂದಿಷ್ಟು ಪ್ರಶ್ನೆ, ಪ್ರಶ್ನೆಯ ಕೆಳಗೆ ಖಾಲಿ ಗೆರೆಗಳು. ದಿನಚರಿ ಬರೆದ ಹಾಗೆ ನಾಯಕಿಯೇ ಆಗಿ ಉತ್ತರ ಬರೆಯುತ್ತ ಹೋದರೆ ಮೂವತ್ತನೆಯ ದಿನಕ್ಕೆ ಕಾದಂಬರಿಗೆ ಮೂಳೆ ಮಾಂಸ ಎರಡೂ ಬಂದಿರುತ್ತವೆ ಎಂದು ಆನ್‌ಲೈನ್ ತರಗತಿಯ ಪ್ರಮೋದಾ ಮೇಡಂ ಭರವಸೆ ಕೊಟ್ಟಿದ್ದರು. ಮೂವತ್ತೂ ದಿನದ ಪುಟಗಳ ಫೋಟೋ ತೆಗೆದು ಇವತ್ತು ಸಂಜೆ ಐದರೊಳಗೆ ಕಳಿಸಬೇಕು. ಬಂದವುಗಳಲ್ಲಿ ಒಂದನ್ನು ಆರಿಸಿ, ಅವರೇ ಕೈಹಿಡಿದು ಬರೆಸಿ, ಪುಸ್ತಕ ಮಾಡುತ್ತಾರೆ. ತಂಜೀಲಾ ಇಪ್ಪತ್ತೊಂಬತ್ತು ದಿನ ಮುಗಿಸಿದ್ದಳು. ಈ ಸಂಗತಿ ದೇವನಹಳ್ಳಿಯ ಮನೆಯಲ್ಲಿ ಅವಳ ಪಕ್ಕವೇ ಮಲಗುವ ಅಮ್ಮಿಗೂ ಗೊತ್ತಿರಲಿಲ್ಲ.

ಯಾರಿಗೂ ಏನನ್ನೂ ಹೇಳುವ ಹುಡುಗಿಯೇ ಅಲ್ಲ ಅದು. ಬಿ.ಎ. ಮುಗಿಸಿ, ಚನ್ನರಾಯಪಟ್ಟಣ ಹೋಬಳಿಯ ಕಗ್ಗಲಗುಂಟೆಯ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯಾಗಿ ವರ್ಷವಾಗಿತ್ತು. ನಾಲ್ಕು ಜನರ ಎದುರು ಅವಳ ದನಿ ಆ ಕಡೆಯ ಬೋರ್‌ವೆಲ್ಲಿನಂತೆ. ಸಾವಿರದ ಇನ್ನೂರು ಅಡಿ ಕೊರೆದರೂ ಬರುವುದು ಬರೀ ಧೂಳು. ಅದಕ್ಕೇ ಅವಳ ಕಾದಂಬರಿಯ ನಾಯಕಿ ಕೆಂಪಾಜಮ್ಮ ಮಾತ್ರ ಬಾಯಿ ತೆರೆದರೆ ಪಕ್ಕದೂರಿನ ನಾಯಿಗಳು ಎದ್ದು ಕೂರುತ್ತಿದ್ದವು.

ಆ ಬೆಳಿಗ್ಗೆ ತಂಜೀಲಾ ಮೂವತ್ತನೆಯ ದಿನದ ಪುಟ ತೆರೆದು ಮೇಜಿನ ಮೇಲಿಟ್ಟು, ಕುಡಿಯುವ ನೀರು ಹಿಡಿಯಲು ಬಿಂದಿಗೆಯೊಂದಿಗೆ ಹೊರಗೆ ಹೋದಳು. ಹತ್ತು ನಿಮಿಷ.

ಅಷ್ಟರಲ್ಲಿ ಪೇಪರ್ ಓದಲು ದೊಡ್ಡಮುನಿಯಪ್ಪ ಬಂದ. ಎಪ್ಪತ್ತೆರಡು ವರ್ಷ, ಹೆಗಲ ಮೇಲೆ ಹಸಿರು ಟವಲು, ಜೇಬಿನಲ್ಲಿ ಎರಡು ಪೆನ್ನು. ಕೈಗಾರಿಕೆಗೆ ಜಮೀನು ಬೇಕೆಂದು ಸರ್ಕಾರ ನೋಟಿಸು ಕೊಟ್ಟಾಗಿನಿಂದ ಕಗ್ಗಲಗುಂಟೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಊರಿಗೆ ಬಂದ ಯಾವುದೇ ಕಾಗದದಲ್ಲಿ ಖಾಲಿ ಜಾಗ ಕಂಡರೆ ಬಿಡುವ ಹಾಗಿಲ್ಲ. ಬಿಟ್ಟರೆ ಅಲ್ಲಿ ಅವರು ಏನು ಬೇಕಾದರೂ ತುಂಬಿಕೊಳ್ಳುತ್ತಾರೆ. ಆದ್ದರಿಂದ ‘ಜಮೀನು ಕೊಡುವುದಿಲ್ಲ’ ಎಂದು ಬರೆದು ಸಹಿ ಹಾಕುವುದು. ಗ್ಯಾಸ್ ಏಜೆನ್ಸಿಯ ರಸೀದಿ, ಹಸುವಿನ ಲಸಿಕೆ ಕಾರ್ಡು, ಕೊನೆಗೆ ಯಾರದೋ ಮದುವೆಯ ಮುಯ್ಯಿ ಪಟ್ಟಿ, ಎಲ್ಲದರ ಮೇಲೂ ಊರವರು ಅದನ್ನೇ ಬರೆದಿದ್ದರು. ಅದೂ ಅಲ್ಲದೆ ತಕರಾರು ಅರ್ಜಿ ಕೊಡಲು ಇವತ್ತೇ ಕಡೆಯ ದಿನ. ಮಧ್ಯಾಹ್ನ ಭೂಸ್ವಾಧೀನ ಕಚೇರಿಯವರು ಬಂದು ಪಕ್ಕದ ಕೋಣೆಯಲ್ಲೇ ಕೂರುವವರಿದ್ದರು.

ಖಾಕಿ ಹೊದಿಕೆಯ ಪುಸ್ತಕವನ್ನು ದೊಡ್ಡಮುನಿಯಪ್ಪ ಕನ್ನಡಕ ಏರಿಸಿ ನೋಡಿದ. ‘ನಿಮಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದೇನು? ಅದಕ್ಕೆ ಅಡ್ಡ ನಿಂತವರು ಯಾರು? ಅದನ್ನು ಕಳೆದುಕೊಂಡರೆ ನೀವೇನಾಗುತ್ತೀರಿ?’

“ಅಬ್ಬಾ!” ಎಂದ ದೊಡ್ಡಮುನಿಯಪ್ಪ. “ಇಷ್ಟು ವರ್ಷಕ್ಕೆ ಒಂದು ನೆಟ್ಟಗಿರೋ ಅರ್ಜಿ ಮಾಡವ್ರೆ.”

ತಂಜೀಲಾ ನೀರು ತಂದಾಗ ಅವನು ಎರಡನೆಯ ಪ್ರಶ್ನೆಯಲ್ಲಿದ್ದ.

“ತಾತ, ಅದು...”

“ಗೊತ್ತು ಬುಡು ಮಗಾ. ಬೆಳಿಗ್ಗೇನೇ ತಂದು ಮಡಗಿದ್ದೀಯಲ್ಲ, ಒಳ್ಳೇ ಕೆಲಸ ಮಾಡ್ದೆ.”

“ಅದು ಆ ತರದ್ದಲ್ಲ ತಾತ, ಅದು ನನ್ನ...”

ನನ್ನ ಕಾದಂಬರಿ ಎನ್ನಬೇಕಿತ್ತು. ನಾಲಗೆ ಕಾಲು ಜಾರಿದ ಕರುವಿನಂತೆ ಅಲ್ಲೇ ಕುಸಿಯಿತು. ಕಾದಂಬರಿ ಬರೆಯುತ್ತೀನಿ ಎನ್ನುವುದು ಅವಳಿಗೆ, ನಾನು ಗುಟ್ಟಾಗಿ ಚಿನ್ನದ ಹಲ್ಲು ಕಟ್ಟಿಸಿಕೊಂಡಿದ್ದೀನಿ ಎನ್ನುವಷ್ಟೇ ನಾಚಿಕೆಯ ಮಾತು.

“ನಿನ್ನ ಜವಾಬ್ದಾರಿ ಅಂತ ತಾನೆ? ಒಂದು ಹಾಳೆ ಹರಿಯಾಕೆ ಬಿಡಲ್ಲ, ಹೆದರಬ್ಯಾಡ,” ಎಂದು ದೊಡ್ಡಮುನಿಯಪ್ಪ ಸಹಿ ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: “ಮುನಿಲಕ್ಷ್ಮಮ್ಮಾ! ಅರ್ಜಿ ಬಂದೈತೆ ಬಾರಮ್ಮೀ!”

ಮುನಿಲಕ್ಷ್ಮಮ್ಮ ಪಕ್ಕದ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಗಿನ ಹಾಲು ಹಾಕಲು ನಿಂತಿದ್ದ ಇಡೀ ಸಾಲು ಅವಳ ಹಿಂದೆಯೇ, ಕ್ಯಾನುಗಳ ಸಮೇತ, ಗ್ರಂಥಾಲಯಕ್ಕೆ ನುಗ್ಗಿತು. ಆ ಕೋಣೆಯಲ್ಲಿ ಒಂದು ವರ್ಷದಲ್ಲಿ ಅಷ್ಟು ಓದುಗರನ್ನು ತಂಜೀಲಾ ನೋಡಿರಲಿಲ್ಲ.

“ಅಡ್ಡ ನಿಂತವರು ಯಾರು,” ಎಂದು ಮುನಿಲಕ್ಷ್ಮಮ್ಮ ಓದಿ, ಯೋಚಿಸದೆ ಬರೆದಳು: ‘ನಮ್ಮ ಭಾವ. ಆಮೇಲೆ ಸರ್ಕಾರ.’ ಕಳೆದುಕೊಂಡರೆ ಏನಾಗುತ್ತೀರಿ ಎಂಬುದಕ್ಕೆ: ‘ಏನೂ ಆಗಲ್ಲ. ಯಾಕಂದರೆ ಕಳ್ಕೊಳ್ಳಲ್ಲ.’

“ಭೇಷ್!” ಎಂದಿತು ಸಾಲು.

ಮೂವತ್ತನೆಯ ದಿನದ ಪುಟಗಳು ಅರ್ಧ ಗಂಟೆಯಲ್ಲಿ ತುಂಬಿದವು. ಇನ್ನು ನಿಲ್ಲುತ್ತಾರೆ ಎಂದುಕೊಂಡಳು ತಂಜೀಲಾ. ಜನ ಹಾಳೆಗಳನ್ನು ಹಿಂದಕ್ಕೆ ತಿರುಗಿಸಿದರು. ಇಪ್ಪತ್ತೊಂಬತ್ತು ದಿನ ಅವಳು ಮುತ್ತಿನಂತೆ ಬರೆದ ಸಾಲುಗಳ ಅಂಚಿನಲ್ಲಿ, ನಡುವಿನಲ್ಲಿ, ‘ಜಮೀನು ಕೊಡುವುದಿಲ್ಲ’ ಎಂಬ ಬರಹ ಗರಿಕೆಯಂತೆ ಹಬ್ಬತೊಡಗಿತು. ಓದು ಬಾರದವರಿಗಾಗಿ ಯಾರೋ ಗ್ರಂಥಾಲಯದ ಸೀಲಿನ ಇಂಕ್ ಪ್ಯಾಡನ್ನೇ ತೆರೆದರು. ಕೆಂಪಾಜಮ್ಮ ತನ್ನ ಗಂಡನ ಸಾವನ್ನು ನೆನೆದು ಅಳುವ ಪುಟದ ಮೇಲೆ ಹದಿನಾಲ್ಕು ನೇರಳೆ ಹೆಬ್ಬೆಟ್ಟು ಬಿದ್ದವು.

“ಏ, ತಡೀರಿ ತಡೀರಿ,” ಎಂದಳು ಮುನಿಲಕ್ಷ್ಮಮ್ಮ. “ಇಲ್ಲಿ ಏನೋ ಬರೆದೈತೆ.” ಗಟ್ಟಿಯಾಗಿ ಓದಿದಳು: “ನಾನು ಕೆಂಪಾಜಮ್ಮ. ಬದು ಒತ್ತಿದ ಭಾವನಿಗೆ ಕುಡುಗೋಲು ತೋರಿಸಿ ಹೇಳಿದೆ, ಒಂದು ಗೇಣು ಮುಂದೆ ಬಂದರೆ ನಿನ್ನ ಮೀಸೆಯಿಂದಲೇ ಬೇಲಿ ಕಟ್ಟುತ್ತೀನಿ.”

ತಂಜೀಲಾ ತನ್ನ ಬರವಣಿಗೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

“ಯಾರಮ್ಮೀ ಈ ಕೆಂಪಾಜಮ್ಮ?” ಎಂದಿತು ಒಂದು ದನಿ.

“ಯಾರಾದ್ರೂ ಆಗ್ಲಿ, ಗಂಡೆದೆ ಕಣ್ಲಾ,” ಎಂದಿತು ಇನ್ನೊಂದು. “ಓದಮ್ಮಾ ಮುಂದಕ್ಕೆ.”

ಹಾಲು ಹಾಳಾಗುತ್ತದೆಂದು ಡೈರಿಯ ಗಾಡಿಯವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೆಯೇ ಜನ ಕರಗಿದ್ದು.

ಆಮೇಲೂ ಸಹಿ ಹಾಕುವವರು ಬರುತ್ತಲೇ ಇದ್ದು, ಸಂಜೆ ನಾಲ್ಕೂವರೆಗೆ ಕೋಣೆ ಖಾಲಿಯಾಯಿತು. ತಂಜೀಲಾ ಬಾಗಿಲು ಮುಂದೆ ಮಾಡಿ ಪುಸ್ತಕ ಬಿಡಿಸಿದಳು. ಹೆಬ್ಬೆಟ್ಟಾದರೆ ಹೆಬ್ಬೆಟ್ಟು, ಕೆಳಗಿನ ಅಕ್ಷರ ಇನ್ನೂ ಕಾಣುತ್ತಿತ್ತು. ಮೊಬೈಲು ತೆಗೆದು ಮೊದಲ ಪುಟದ ಫೋಟೋ ಹೊಡೆದಳು. ಎರಡನೆಯದು ಹೊಡೆಯುವಾಗ ಕಿಟಕಿಯಲ್ಲಿ ಹಸಿರು ಟವಲು ಕಂಡಿತು.

“ಫೋಟೋ ತೆಗೆದು ಯಾರಿಗೆ ಕಳಿಸ್ತಾ ಇದ್ದೀಯ ಮಗಾ?”

ದೊಡ್ಡಮುನಿಯಪ್ಪನ ಬೆನ್ನ ಹಿಂದೆ ಮುನಿಲಕ್ಷ್ಮಮ್ಮನೂ ಇದ್ದಳು, ಅವಳ ಹಿಂದೆ ಅರ್ಧ ಊರು. “ನಮ್ಮ ಸಹಿಯೆಲ್ಲಾ ಮೊದಲೇ ಮೇಲಿನೋರಿಗೆ ತೋರಿಸ್ತಾವ್ಳೆ,” ಎಂದರು ಯಾರೋ. “ಬಾಯಿಲ್ಲದ ಹುಡುಗಿ ಅಂದ್ಕೊಂಡಿದ್ವಲ್ಲಪ್ಪಾ!”

ತಂಜೀಲಾ ಪುಸ್ತಕವನ್ನು ಎದೆಗವುಚಿಕೊಂಡಳು. ಇಪ್ಪತ್ಮೂರು ವರ್ಷ ನುಂಗಿದ ಮಾತೆಲ್ಲ ಒಮ್ಮೆಗೇ ಗಂಟಲಿಗೆ ಬಂತು.

“ಇದು ಅರ್ಜಿ ಅಲ್ಲಾ! ನನ್ನ ಕಾದಂಬರಿ! ನಾನು ಬರೆದಿದ್ದು! ಕೆಂಪಾಜಮ್ಮ ನನ್ನ ನಾಯಕಿ! ಕೊಡಲ್ಲ ಅಂದ್ರೆ ಕೊಡಲ್ಲ!”

ಕಪಾಟಿನ ಗಾಜು ಅದುರಿತು. ಹೊರಗೆ ಮಲಗಿದ್ದ ನಾಯಿ ಎದ್ದು ಕೂತಿತು.

ದೊಡ್ಡಮುನಿಯಪ್ಪ ನಿಧಾನವಾಗಿ ತಲೆಯಾಡಿಸಿದ. “ಚೆನ್ನಾಗೇ ಹೇಳ್ಕೊಟ್ಟವ್ರೆ ನಿಂಗೆ. ಮುಂಚೆ ಒಬ್ಬ ಅಳತೆಗೆ ಬಂದಿದ್ದ. ಏನಪ್ಪಾ ಅಂದ್ರೆ, ನಾನು ಪಕ್ಷಿ ನೋಡಾಕೆ ಬಂದಿದ್ದೀನಿ ಅಂದ. ಇನ್ನೊಬ್ಬ ಸಿನಿಮಾ ಶೂಟಿಂಗಿಗೆ ಜಾಗ ನೋಡ್ತೀನಿ ಅಂದ. ಈಗ ಕಾದಂಬರಿ ಶುರು ಮಾಡವ್ರೆ.”

“ನಿಜ ತಾತ, ಅಲ್ಲಾನ ಆಣೆ!”

“ನಿನ್ನ ತಪ್ಪೇನೂ ಇಲ್ಲ ಕಣಮ್ಮ, ಹೊಟ್ಟೆಪಾಡು,” ಎಂದು ಮುನಿಲಕ್ಷ್ಮಮ್ಮ ಒಳಗೆ ಬಂದು ಕನಿಕರದಿಂದ ಅವಳ ತಲೆ ಸವರಿ, ಇನ್ನೊಂದು ಕೈಯಿಂದ ಪುಸ್ತಕ ಎಳೆದುಕೊಂಡಳು. ದಿನಕ್ಕೆ ನಲವತ್ತು ಕ್ಯಾನು ಎತ್ತುವ ಕೈ. ಪುಸ್ತಕ ಪಕ್ಕದ ಕೋಣೆಗೆ ಹೋಯಿತು. ತಂಜೀಲಾ ಅದರ ಹಿಂದೆ ಓಡಿದಳು.

ಅಲ್ಲಿ ಕಚೇರಿಯ ಗುಮಾಸ್ತ ಆಗಲೇ ಫೈಲು ಕಟ್ಟುತ್ತಿದ್ದ. ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ. ಹೊರಗೆ ಜೀಪು ಗುರುಗುಟ್ಟುತ್ತಿತ್ತು.

“ಏನಿದು? ಒಂದೇ ಪುಸ್ತಕದಲ್ಲಿ ಊರೆಲ್ಲಾ?” ಎಂದು ಮುಖ ಕಿವುಚಿ ಹಾಳೆ ಮಗುಚಿದ. ಮೊದಲ ಪುಟದಲ್ಲಿ ಕಣ್ಣು ನಿಂತಿತು. ಎರಡನೆಯದು ಓದಿದ. ಐದನೆಯದಕ್ಕೆ ಕುರ್ಚಿ ಎಳೆದು ಕೂತ. ಹನ್ನೆರಡನೆಯ ದಿನಕ್ಕೆ ಬಂದಾಗ ಅವನಿಗರಿಯದೆ ಅವನ ಕೈ ತನ್ನ ಮೀಸೆಯನ್ನು ಮುಚ್ಚಿಕೊಂಡಿತು.

ಆಮೇಲೆ ಕೆಮ್ಮಿ, ಕಚೇರಿಯ ದನಿ ತಂದುಕೊಂಡ. “ಮೊದಲನೇ ಅರ್ಜಿದಾರಳು ಕೆಂಪಾಜಮ್ಮ. ಮೂರು ಎಕರೆ. ಉಳಿದ ನೂರಾ ನಲವತ್ಮೂರು ಜನ ಅವಳ ಕೆಳಗೆ ಸಹಿ ಮಾಡಿದ್ದಾರೆ. ಅವಳು ಮಾತ್ರ ಸಹಿ ಮಾಡಿಲ್ಲ. ಎಲ್ಲಿ ಅವಳು?”

ಊರವರು ಹಿಂದೆ ತಿರುಗಿ ಬಾಗಿಲಿನತ್ತ ಕೆಂಪಾಜಮ್ಮನನ್ನು ಹುಡುಕಿದರು.

“ಮೊದಲನೆಯವಳೇ ಇಲ್ಲದಿದ್ರೆ ಅರ್ಜಿ ನಿಲ್ಲಲ್ಲ. ಎಲ್ಲಾ ವಜಾ. ಬೇರೆ ಬರೆಯೋಕೆ ಟೈಮೂ ಇಲ್ಲ,” ಎಂದು ಗುಮಾಸ್ತ ಪುಸ್ತಕ ಮುಚ್ಚಿದ. “ಸುಮ್ಮನೆ ಒಂದು ಹೆಸರು ಕಟ್ಟಿದ್ದೀರಿ, ಅಲ್ವಾ? ಕೆಂಪಾಜಮ್ಮ ಅಂತ ಯಾರೂ ಇಲ್ಲವೇ ಇಲ್ಲ. ತಗೊಳ್ಳಿ ನಿಮ್ಮ ಪುಸ್ತಕ.”

ಪುಸ್ತಕ ಮೇಜಿನ ಮೇಲೆ ಜಾರಿ ತಂಜೀಲಾಳ ಎದುರಿಗೇ ಬಂದು ನಿಂತಿತು. ಕೈ ಚಾಚಿದರೆ ಸಾಕು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಫೋಟೋ ಹೊಡೆದು ಕಳಿಸಲು ಹತ್ತು ನಿಮಿಷ ಧಾರಾಳ. ಅವಳ ಬೆನ್ನ ಹಿಂದೆ ನೂರಾ ನಲವತ್ಮೂರು ಜನ ನಿಂತಿದ್ದರು. ದೊಡ್ಡಮುನಿಯಪ್ಪ ಟವಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಂಡುತ್ತಿದ್ದ.

ತಂಜೀಲಾ ಪುಸ್ತಕದ ಮೇಲೆ ಕೈಯಿಟ್ಟಳು. ಆದರೆ ಅವಳ ಕಿವಿಯಲ್ಲಿ ಕುಟುಕುತ್ತಿದ್ದುದು ಒಂದೇ ಮಾತು. ಯಾರೂ ಇಲ್ಲವೇ ಇಲ್ಲವಂತೆ! ಇಪ್ಪತ್ತೊಂಬತ್ತು ದಿನ ಅವಳ ಜೊತೆ ಉಂಡು, ಎದ್ದು, ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದ ಹೆಂಗಸು ಇಲ್ಲವೇ ಇಲ್ಲವೆನ್ನಲು ಇವನ್ಯಾರು?

“ಯಾಕ್ರೀ ಇಲ್ಲ?” ಎಂದಳು. ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಪುಸ್ತಕವನ್ನು ಅವನತ್ತ ವಾಪಸ್ಸು ತಳ್ಳಿದಳು. “ನಾನೇ ಕೆಂಪಾಜಮ್ಮ.”

ಗುಮಾಸ್ತ ಅವಳನ್ನು ನೋಡಿದ. ಪುಟ ನೋಡಿದ. “ವಯಸ್ಸು ಐವತ್ತೆಂಟು ಅಂತಿದೆ?”

“ಹೊಲದ ಗಾಳಿ ಸ್ವಾಮಿ,” ಎಂದಳು ಮುನಿಲಕ್ಷ್ಮಮ್ಮ ತಡವಿಲ್ಲದೆ. “ನಮ್ಮೂರಲ್ಲಿ ಹೆಂಗಸರು ಬೇಗ ಮಾಗಲ್ಲ.”

“ಏಳು ಮಕ್ಕಳು?”

“ಎಲ್ಲಾ ನೀರು ಕಟ್ಟಾಕೆ ಹೋಗವ್ರೆ,” ಎಂದ ದೊಡ್ಡಮುನಿಯಪ್ಪ.

ಗುಮಾಸ್ತ ಗಡಿಯಾರ ನೋಡಿದ. ಜೀಪಿನವನು ಹಾರ್ನ್ ಹೊಡೆದ. “ನಂಗೇನು, ವಿಚಾರಣೆ ದಿನ ಸಾಹೇಬರು ನೋಡ್ಕೊಳ್ತಾರೆ. ಬಾರಮ್ಮ ಕೆಂಪಾಜಮ್ಮ.”

ತಂಜೀಲಾ ಪೆನ್ನು ತೆಗೆದಳು.

“ಪೆನ್ನು ಯಾಕೆ? ಇಲ್ಲೇ ಬರೆದಿದೆಯಲ್ಲ, ಓದು ಬರಹ ಬಾರದು ಅಂತ. ಹೆಬ್ಬೆಟ್ಟು ಒತ್ತು.”

ಪ್ರಥಮ ದರ್ಜೆಯಲ್ಲಿ ಬಿ.ಎ. ಪಾಸಾದ ಗ್ರಂಥಾಲಯದ ಮೇಲ್ವಿಚಾರಕಿ, ತನ್ನದೇ ಗ್ರಂಥಾಲಯದ ಇಂಕ್ ಪ್ಯಾಡಿಗೆ ಎಡಗೈ ಹೆಬ್ಬೆರಳು ಅದ್ದಿ, ತನ್ನದೇ ಕಾದಂಬರಿಯ ಮೊದಲ ಪುಟದ ಮೇಲೆ ಒತ್ತಿದಳು. ಊರು ಚಪ್ಪಾಳೆ ತಟ್ಟಿತು. ಗುಮಾಸ್ತ ಪುಸ್ತಕಕ್ಕೆ ದಾರ ಸುತ್ತಿ, ಅರಗು ಹಚ್ಚಿ, ಸ್ವೀಕೃತಿಯ ಚೀಟಿ ಹರಿದುಕೊಟ್ಟ.

“ಪುಸ್ತಕ ಯಾವಾಗ ಸಿಗುತ್ತೆ?” ಎಂದಳು ತಂಜೀಲಾ.

“ಸರ್ಕಾರಿ ದಾಖಲೆಯಮ್ಮ ಅದು, ವಾಪಸ್ಸು ಸಿಗಲ್ಲ. ಮುಂದಿನ ತಿಂಗಳು ಹನ್ನೆರಡಕ್ಕೆ ವಿಚಾರಣೆ, ಖುದ್ದಾಗಿ ಬಾ. ಏಳು ಮಕ್ಕಳನ್ನೂ ಕರ್ಕೊಂಡು ಬರಬೇಕು, ವಾರಸುದಾರರು. ಒಬ್ಬರು ಕಮ್ಮಿಯಾದರೂ ಅರ್ಜಿ ನಿಲ್ಲಲ್ಲ.” ಜೀಪು ಹತ್ತುವ ಮುನ್ನ ಅವನು ತಿರುಗಿ, ದನಿ ತಗ್ಗಿಸಿ ಕೇಳಿದ: “ಅಂದ ಹಾಗೆ, ಆ ಭಾವ ಕೊನೆಗೆ ಬದು ಬಿಟ್ಟನಾ?”

“ವಿಚಾರಣೆ ದಿನ ಹೇಳ್ತೀನಿ,” ಎಂದಳು ತಂಜೀಲಾ. ತನ್ನ ಬಾಯಿಂದ ಬಂದ ಮಾತೇ ಎಂದು ಅವಳಿಗೇ ಅನುಮಾನವಾಯಿತು.

ಜೀಪಿನ ಧೂಳು ಇಳಿಯುವಷ್ಟರಲ್ಲಿ ಮೊಬೈಲು ಕುಯ್ಯೆಂದಿತು. ಐದು ಗಂಟೆ. ಪ್ರಮೋದಾ ಮೇಡಂ ಅವರ ಸಂದೇಶ: ‘ಸ್ವೀಕಾರ ಮುಗಿಯಿತು. ಕಳಿಸದವರು ನಿರಾಶರಾಗಬೇಡಿ. ಇನ್ನೊಮ್ಮೆ ಮೊದಲ ಮೆಟ್ಟಿಲಿನಿಂದ ಹತ್ತಿರಿ.’

ತಂಜೀಲಾ ಪಂಚಾಯಿತಿ ಕಟ್ಟೆಯ ಮೇಲೆ ಕುಸಿದು ಕೂತಳು. ಕಾದಂಬರಿ ಹೋಯಿತು. ಸ್ಪರ್ಧೆ ಹೋಯಿತು. ಮುಂದಿನ ತಿಂಗಳು ಹನ್ನೆರಡನೆಯ ತಾರೀಖು ಸಾಹೇಬರ ಎದುರು, ನೂರಾರು ಜನರ ನಡುವೆ, ಐವತ್ತೆಂಟು ವರ್ಷದ ಹೆಂಗಸಾಗಿ ಬಾಯಿ ತೆರೆಯಬೇಕು. ಹೆಬ್ಬೆರಳ ಮಸಿಯನ್ನು ದುಪಟ್ಟಾದ ಅಂಚಿನಿಂದ ಉಜ್ಜಿದಳು, ಹೋಗಲಿಲ್ಲ. ಸರಿ, ಇರಲಿ ಎಂದುಕೊಂಡಳು. ಬಾಯಿ ತೆರೆಯುವುದೇ ಆದರೆ ಸಣ್ಣಗಂತೂ ತೆರೆಯುವುದಿಲ್ಲ.

ಅಷ್ಟರಲ್ಲಿ ಕಾಲ ಬಳಿ ಯಾರೋ ಬಗ್ಗಿದ ಹಾಗಾಯಿತು. ದೊಡ್ಡಮುನಿಯಪ್ಪ. ಅವನ ಹಿಂದೆ, ನಾ ಮುಂದು ತಾ ಮುಂದು ಎಂದು ನೂಕಾಡುತ್ತ, ಮಕ್ಕಳಾಗಲು ಊರಿನ ಗಂಡಸರೆಲ್ಲ ಸಾಲುಗಟ್ಟಿದ್ದರು.

“ಅವ್ವಾ,” ಎಂದ ಎಪ್ಪತ್ತೆರಡರ ಮುದುಕ, ಟವಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. “ಹಿರೀಮಗ ನಾನು. ಆ ಮೂರೆಕರೆ ಭಾಗ ಯಾವಾಗ ಮಾಡ್ತೀಯಾ?”